ನಾಯಕನ ಸಂಗಡಿಗ

ಹಾಲಿವುಡ್ಡಿನ ಅಗ್ಗದ ಕೌಬಾಯ್ ಚಿತ್ರಗಳು ಸುಮಾರು ಒಂದು ಗಂಟೆಯವು. ಅದೇ ಗುಡ್ಡ, ಅದೇ ದರೋಡೆ, ಅದೇ ಕುದುರೆಯ ಓಟ. ವೈಭವಕ್ಕೆ ಹಣವಿಲ್ಲದ ನಿರ್ಮಾಪಕನಿಗೆ ನಾಯಕನ ಪಕ್ಕದ ನಗೆಗಾರನೇ ಬಂಡವಾಳ. ರಿಪಬ್ಲಿಕ್ ಸಂಸ್ಥೆಯ ಚಿತ್ರಗಳಲ್ಲಿ ಜೀನ್ ಆಟ್ರಿ ಹಾಡುತ್ತಿದ್ದರು, ಸ್ಥೂಲಕಾಯದ ಸ್ಮೈಲಿ ಬರ್ನೆಟ್ ನಗಿಸುತ್ತಿದ್ದರು. 1942ರಲ್ಲಿ ಆಟ್ರಿ ಸೈನ್ಯ ಸೇರಿದರು. ಬರ್ನೆಟ್ಟರ ಬೇಡಿಕೆ ಮಾತ್ರ ತಗ್ಗಲಿಲ್ಲ; 1944ರಲ್ಲಿ ಸನ್‌ಸೆಟ್ ಕಾರ್ಸನ್ ಎಂಬ ಹೊಸ ನಾಯಕನ ಚಿತ್ರಗಳಲ್ಲಿ ಮೊದಲು ಮೂಡಿದ ಹೆಸರು ಈ ಸಂಗಡಿಗನದೇ!

ಕನ್ನಡದ ಸಾಹಸಚಿತ್ರಗಳಿಗೆ ಕುದುರೆಯ ಬದಲು ಪಿಸ್ತೂಲು ಒದಗಿತು. ದೊರೈ–ಭಗವಾನರ ‘ಜೇಡರ ಬಲೆ’ಯಲ್ಲಿ (1968) ರಾಜಕುಮಾರ್ ಪತ್ತೇದಾರ ಸಿಐಡಿ 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂದಿತು. ಈ ಸಾಲಿನಲ್ಲಿ ಗುಂಡಿನ ಸದ್ದಿನ ನಡುವೆ ನಗೆ ಹಂಚಿದವರು ತಿಪಟೂರಿನ ನರಸಿಂಹರಾಜು. ಇಬ್ಬರೂ ಗುಬ್ಬಿ ಕಂಪನಿಯ ರಂಗದಿಂದ ಬಂದವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಜೊತೆಯಾದವರು. ಮೊದಲು ನರಸಿಂಹರಾಜುವಿನ ದಿನಾಂಕ, ಆಮೇಲೆ ನಾಯಕನದು ಎಂಬುದು ಗಾಂಧಿನಗರದ ನಿರ್ಮಾಪಕರ ಲೆಕ್ಕಾಚಾರವೆಂದು ಚಿತ್ರರಂಗದವರು ಹೇಳುತ್ತಿದ್ದರು. ಉತ್ಪ್ರೇಕ್ಷೆ ಇರಬಹುದು, ಆದರೆ ಇಂಥ ಉತ್ಪ್ರೇಕ್ಷೆ ಎಲ್ಲ ಹಾಸ್ಯನಟರಿಗೂ ದಕ್ಕುವುದಿಲ್ಲ.

ಹೀಗಿದ್ದೂ ಕಥೆಯ ಕೊನೆಯಲ್ಲಿ ಮಾಲೆ ಬೀಳುತ್ತಿದ್ದುದು ನಾಯಕನ ಕೊರಳಿಗೇ. 1974ರಲ್ಲಿ ನರಸಿಂಹರಾಜು ತಾವೇ ಹಣ ಹೂಡಿ ‘ಪ್ರೊಫೆಸರ್ ಹುಚ್ಚೂರಾಯ’ ಚಿತ್ರವನ್ನು ನಿರ್ಮಿಸಿದರು. ಅದರ ಮುಖ್ಯ ಪಾತ್ರವನ್ನೂ ತಾವೇ ಧರಿಸಿದರು.