ಮೋಟಾರು ಸೈಕಲ್ಲಿನ ಕಾರ್ಬುರೇಟರ್ ಜೆಟ್: ಮನೆಯಲ್ಲೇ ಶುಚಿ ಮಾಡುವ ಕ್ರಮ

ಕೋಲಾರ ತಾಲ್ಲೂಕಿನ ವಕ್ಕಲೇರಿ ಹೋಬಳಿಯ ಹಳ್ಳಿಗಳಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸಗಳನ್ನು ಈಗ ಮೊಪೆಡ್ಡು, ಮೋಟಾರು ಸೈಕಲ್ಲುಗಳು ಮಾಡುತ್ತಿವೆ. ಎರಡು ಹೊತ್ತು ಡೈರಿಗೆ ಹಾಲು, ತೋಟದಿಂದ ಹುಳುಮನೆಗೆ ಹಿಪ್ಪುನೇರಳೆ ಸೊಪ್ಪು, ಮಾರುಕಟ್ಟೆಗೆ ಒಂದೆರಡು ಬಾಕ್ಸ್ ಟೊಮ್ಯಾಟೊ, ಅಂಗಡಿಯಿಂದ ಗೊಬ್ಬರದ ಮೂಟೆ, ಎಲ್ಲವೂ ಇದರ ಮೇಲೆಯೇ ಸಾಗಬೇಕು. ಇಂತಹ ವಾಹನ ಬೆಳಿಗ್ಗೆ ಕಿಕ್ ಹೊಡೆದರೂ ಹೊತ್ತದೆ ನಿಂತರೆ ನಷ್ಟ ಆಗಿನಿಂದಲೇ ಆರಂಭ. ಡೈರಿಯಲ್ಲಿ ಹಾಲು ಅಳೆಯುವ ಹೊತ್ತು ಮೀರಿದರೆ ಕರೆದ ಹಾಲು ಮನೆಯಲ್ಲೇ ಉಳಿಯುತ್ತದೆ. ಕಿತ್ತ ಸೊಪ್ಪು ಬಾಡಿದರೆ ಹುಳು ಮೇಯುವುದಿಲ್ಲ.

ವಾಹನ ಹೀಗೆ ನಿಲ್ಲುವುದಕ್ಕೆ ಸಾಮಾನ್ಯವಾದ ಕಾರಣಗಳಲ್ಲಿ ಒಂದು, ಕಾರ್ಬುರೇಟರಿನ ಜೆಟ್ಟಿನಲ್ಲಿ ಕಸ ಕಟ್ಟಿಕೊಳ್ಳುವುದು. ಇದನ್ನು ರೈತನು ಮನೆಯಂಗಳದಲ್ಲೇ ಸರಿಪಡಿಸಿಕೊಳ್ಳಬಹುದು. ಆದರೆ ಕೆಲಸದ ಕ್ರಮ ತಿಳಿದಿರಬೇಕು. ಅವಸರಕ್ಕೆ ತಂತಿ ತೂರಿಸಿ ಜೆಟ್ಟನ್ನು ಕೆಡಿಸಿಕೊಂಡವರು, ಬೆಂಕಿಯ ಬಳಿ ಪೆಟ್ರೋಲ್ ಇಟ್ಟುಕೊಂಡು ಅಪಾಯ ತಂದುಕೊಂಡವರು ಕಡಿಮೆಯಿಲ್ಲ.

ಯಾವ ವಾಹನಗಳಿಗೆ ಈ ವಿಧಾನ?

ನೆರೆಯ ಹೊಸೂರಿನಲ್ಲಿ 1980ರಿಂದ ತಯಾರಾದ ಟಿ.ವಿ.ಎಸ್. 50 ಮೊಪೆಡ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ದಿ, 1980ರ ದಶಕದ ನಡುವಿನಿಂದ ಬಳಕೆಗೆ ಬಂದ 100 ಸಿ.ಸಿ. ಮೋಟಾರು ಸೈಕಲ್ಲುಗಳು, ಇವೆಲ್ಲಕ್ಕೂ ಕಾರ್ಬುರೇಟರ್ ಇತ್ತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ತಯಾರಾದ ಬಹುಪಾಲು ವಾಹನಗಳಲ್ಲಿ ಕಾರ್ಬುರೇಟರಿನ ಬದಲು ವಿದ್ಯುತ್ತಿನಿಂದ ಕೆಲಸ ಮಾಡುವ ಇಂಜೆಕ್ಷನ್ ವ್ಯವಸ್ಥೆ ಇದೆ. ಅದನ್ನು ಮನೆಯಲ್ಲಿ ಬಿಚ್ಚಕೂಡದು. ಹಳೆಯ ವಾಹನಗಳಿಗೂ, ಪೆಟ್ರೋಲಿನಿಂದ ನಡೆಯುವ ಪವರ್ ಸ್ಪ್ರೇಯರ್ ಮತ್ತು ಕಳೆ ಕೊಚ್ಚುವ ಯಂತ್ರಗಳಿಗೂ ಇಲ್ಲಿ ಹೇಳಿದ ಮೂಲ ತತ್ವಗಳು ಅನ್ವಯಿಸುತ್ತವೆ.

ಕಾರ್ಬುರೇಟರ್ ಕೆಲಸ ಮಾಡುವ ಬಗೆ

ಪೆಟ್ರೋಲ್ ತಾನಾಗಿ ಸರಿಯಾಗಿ ಉರಿಯದು. 1 ಕೆ.ಜಿ. ಪೆಟ್ರೋಲಿಗೆ ಸುಮಾರು 15 ಕೆ.ಜಿ. ಗಾಳಿ ಬೆರೆತರೆ ಅದು ಪೂರ್ತಿ ಉರಿಯುತ್ತದೆ. ಈ ಬೆರಕೆಯನ್ನು ಮಾಡಿಕೊಡುವುದೇ ಕಾರ್ಬುರೇಟರ್. ಎಂಜಿನ್ ಗಾಳಿಯನ್ನು ಎಳೆದಾಗ ಆ ಗಾಳಿ ಕಾರ್ಬುರೇಟರಿನ ಕಿರಿದಾದ ಕೊರಳಿನಲ್ಲಿ ವೇಗವಾಗಿ ಹಾಯುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗುವುದರಿಂದ ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಮೇಲೇರಿ ತುಂತುರಾಗಿ ಗಾಳಿಯೊಡನೆ ಬೆರೆಯುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಒಂದು ತೇಲುಗುಂಡು (ಫ್ಲೋಟ್) ಕಾಯುತ್ತದೆ. ನೀರಿನ ತೊಟ್ಟಿಯ ತೇಲುಗುಂಡು ಕೆಲಸ ಮಾಡುವಂತೆಯೇ ಇದೂ ಮಾಡುತ್ತದೆ.

ಬಟ್ಟಲಿನಿಂದ ಎಷ್ಟು ಪೆಟ್ರೋಲ್ ಮೇಲೇರಬೇಕೆಂಬುದನ್ನು ನಿರ್ಧರಿಸುವವು ಜೆಟ್ಟುಗಳು. ಇವು ಸಣ್ಣ ಹಿತ್ತಾಳೆ ತಿರುಪುಗಳು. ನಡುವೆ ಕರಾರುವಾಕ್ಕಾಗಿ ಕೊರೆದ ತೂತು ಇರುತ್ತದೆ. ಗಾಡಿ ನಿಂತಲ್ಲೇ ಸ್ಲೋ ಆಗಿ ಓಡುವಾಗ ಪೈಲಟ್ ಜೆಟ್ (ಸ್ಲೋ ಜೆಟ್) ಪೆಟ್ರೋಲ್ ಒದಗಿಸುತ್ತದೆ. ಇದರ ತೂತು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಿರಿದು. ವೇಗವಾಗಿ ಹೋಗುವಾಗ, ಭಾರ ಎಳೆಯುವಾಗ ಮೇನ್ ಜೆಟ್ ಕೆಲಸ ಮಾಡುತ್ತದೆ. ಇದರ ತೂತು ಸ್ವಲ್ಪ ದೊಡ್ಡದು.

ಔಷಧಿ ಸಿಂಪಡಿಸುವ ಯಂತ್ರದ ನಾಸಿಲ್ಲನ್ನೂ ಹನಿ ನೀರಾವರಿಯ ಡ್ರಿಪ್ಪರನ್ನೂ ಬಲ್ಲ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜೆಟ್ಟಿನ ತೂತು ಸೇರು, ಪಾವುಗಳಂತೆ ಒಂದು ಅಳತೆ. ಕಸ ಕಟ್ಟಿದರೆ ಅಳತೆ ಕಡಿಮೆಯಾಗುತ್ತದೆ. ತಂತಿಯಿಂದ ಕೆರೆದರೆ ಅಳತೆ ಹೆಚ್ಚಾಗುತ್ತದೆ. ತೂತಿನ ಅಗಲ ನೂರಕ್ಕೆ 10 ಭಾಗ ಹೆಚ್ಚಿದರೆ ಪೆಟ್ರೋಲ್ ಹಾಯುವ ಜಾಗ ನೂರಕ್ಕೆ 21 ಭಾಗ ಹೆಚ್ಚುತ್ತದೆ. ಕಸವನ್ನು ತೆಗೆಯಬಹುದು, ಕೆರೆದು ಹೋದ ಹಿತ್ತಾಳೆಯನ್ನು ಮತ್ತೆ ತುಂಬಲಾಗದು.

ಇದರ ನಷ್ಟ ಎಷ್ಟೆಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಲೀಟರಿಗೆ 60 ಕಿ.ಮೀ. ಕೊಡುತ್ತಿದ್ದ ಗಾಡಿ ಜೆಟ್ ಕೆಟ್ಟು 50 ಕಿ.ಮೀ.ಗೆ ಇಳಿಯಿತೆನ್ನಿ. ದಿನಕ್ಕೆ 20 ಕಿ.ಮೀ. ಓಡಿಸುವವನಿಗೆ ವರ್ಷಕ್ಕೆ ಸುಮಾರು 24 ಲೀಟರ್ ಪೆಟ್ರೋಲ್ ವ್ಯರ್ಥವಾಗುತ್ತದೆ.

ಜೆಟ್ ಕಟ್ಟಿಕೊಳ್ಳಲು ಕಾರಣಗಳು

1. ಧೂಳು: ಕೆಂಪು ಮಣ್ಣಿನ ರಸ್ತೆಯ ನುಣ್ಣನೆಯ ಧೂಳು ಟ್ಯಾಂಕಿನ ಮುಚ್ಚಳ ತೆಗೆದಾಗ ಒಳಹೋಗುತ್ತದೆ. ಏರ್ ಫಿಲ್ಟರ್ ಹರಿದಿದ್ದರೆ ಗಾಳಿಯ ಜೊತೆಗೂ ಸೇರುತ್ತದೆ. 1 ಲೀಟರ್ ಪೆಟ್ರೋಲ್ ಉರಿಯಲು ಸುಮಾರು 10 ಸಾವಿರ ಲೀಟರ್ ಗಾಳಿ ಬೇಕಾಗುವುದರಿಂದ ಫಿಲ್ಟರಿನ ಮಹತ್ವವನ್ನು ಊಹಿಸಬಹುದು.

2. ತುಕ್ಕು: ಟ್ಯಾಂಕಿನಲ್ಲಿ ಸದಾ ಪೆಟ್ರೋಲ್ ಕಡಿಮೆ ಇದ್ದರೆ ಖಾಲಿ ಜಾಗದ ತೇವಾಂಶ ನೀರಾಗಿ ಇಳಿದು ತಗಡು ತುಕ್ಕು ಹಿಡಿಯುತ್ತದೆ.

3. ನೀರು: ಈಗ ಪಂಪುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ನೂರಕ್ಕೆ 20 ಭಾಗ ಎಥನಾಲ್ ಇರುವ ಪೆಟ್ರೋಲಿನ ಮಾರಾಟ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಆರಂಭವಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ.

4. ಅಂಟು: ವಾರಗಟ್ಟಲೆ ಗಾಡಿ ನಿಂತರೆ ಬಟ್ಟಲಿನ ಪೆಟ್ರೋಲ್ ಆರಿ, ಕಂದು ಬಣ್ಣದ ಅಂಟು ಉಳಿಯುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಮೊಪೆಡ್ಡು, ಪವರ್ ಸ್ಪ್ರೇಯರುಗಳಲ್ಲಿ ಈ ತೊಂದರೆ ಹೆಚ್ಚು.

ಲಕ್ಷಣಗಳು

ಚೋಕ್ ಎಳೆದರೆ ಮಾತ್ರ ಗಾಡಿ ಹೊತ್ತಿಕೊಂಡು, ಎಕ್ಸಲರೇಟರ್ ಬಿಟ್ಟೊಡನೆ ನಿಂತುಹೋಗಿ, ವೇಗದಲ್ಲಿ ಮಾತ್ರ ಸರಿಯಾಗಿ ಓಡಿದರೆ ಪೈಲಟ್ ಜೆಟ್ ಕಟ್ಟಿದೆಯೆಂದು ತಿಳಿಯಬಹುದು. ಸ್ಲೋದಲ್ಲಿ ಚೆನ್ನಾಗಿದ್ದು, ಹಾಲಿನ ಕ್ಯಾನು ಹೇರಿಕೊಂಡು ಏರು ಹತ್ತುವಾಗ ಮುಗ್ಗರಿಸಿದರೆ ಮೇನ್ ಜೆಟ್ಟನ್ನು ನೋಡಬೇಕು. ಕೆಳಗಿನ ಕೊಳವೆಯಿಂದ ಪೆಟ್ರೋಲ್ ಸೋರುತ್ತಿದ್ದರೆ ತೇಲುಗುಂಡಿನ ಸೂಜಿಯಡಿ ಕಸ ಸಿಕ್ಕಿರಬಹುದು.

ಬಿಚ್ಚುವ ಮೊದಲು

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಪೆಟ್ರೋಲ್ ಕಾಕ್ ತೆರೆದಿದೆಯೇ, ಪ್ಲಗ್ ಶುಚಿಯಾಗಿದೆಯೇ, ಏರ್ ಫಿಲ್ಟರ್ ಧೂಳು ತುಂಬಿದೆಯೇ ನೋಡಬೇಕು. ಟ್ಯಾಂಕಿನ ಮುಚ್ಚಳದ ಗಾಳಿಯ ತೂತು ಕಟ್ಟಿದ್ದರೂ ಪೆಟ್ರೋಲ್ ಇಳಿಯುವುದಿಲ್ಲ. ಮುಚ್ಚಳ ಸಡಿಲಿಸಿದಾಗ ಗಾಡಿ ಸರಿಯಾದರೆ ದೋಷ ಅಲ್ಲಿದೆ.

ನಂತರ ಬಟ್ಟಲಿನ ತಳದ ತಿರುಪನ್ನು ಸಡಿಲಿಸಿ ಪೆಟ್ರೋಲನ್ನು ಒಂದು ಲೋಹದ ಬಟ್ಟಲಿಗೆ ಇಳಿಸಬೇಕು. ಇದನ್ನು ಮಾಡುವಾಗಲೂ ಮುಂದೆ ಹೇಳಿರುವ ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು. ತಳದಲ್ಲಿ ಉರುಳಾಡುವ ಹನಿ ಕಂಡರೆ ನೀರು, ಕೆಂಪು ಪುಡಿ ಕಂಡರೆ ತುಕ್ಕು ಇಲ್ಲವೆ ಧೂಳು. ಎಷ್ಟೋ ವೇಳೆ ಹೀಗೆ ಬಟ್ಟಲನ್ನು ಬರಿದು ಮಾಡಿದ ಮಾತ್ರಕ್ಕೆ ಗಾಡಿ ಸರಿಹೋಗುತ್ತದೆ. ಆಗ ಮುಂದಿನ ಕೆಲಸ ಬೇಕಿಲ್ಲ.

ಬೆಂಕಿಯ ಬಗ್ಗೆ ಎಚ್ಚರಿಕೆ

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪಬಲ್ಲದು. ಆದ್ದರಿಂದ ಈ ಕೆಲಸವನ್ನು ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ ಮಾಡಬೇಕು. ಒಲೆ, ಬೀಡಿ, ಸೊಳ್ಳೆಬತ್ತಿ, ದನದ ಕೊಟ್ಟಿಗೆಯ ಹೊಗೆ, ಹುಳುಮನೆ ಬೆಚ್ಚಗಿಡುವ ಇದ್ದಿಲ ಒಲೆ, ಪಂಪಿನ ಸ್ಟಾರ್ಟರ್ ಹತ್ತಿರ ಇರಕೂಡದು. ಎಂಜಿನ್ ಪೂರ್ತಿ ಆರಿರಬೇಕು. ಮಕ್ಕಳನ್ನು ದೂರವಿಡಬೇಕು. ಒಂದು ಬಕೆಟ್ ಒಣ ಮರಳು ಪಕ್ಕದಲ್ಲಿರಲಿ. ಪೆಟ್ರೋಲಿಗೆ ಹತ್ತಿದ ಬೆಂಕಿಯ ಮೇಲೆ ನೀರು ಸುರಿದರೆ ಬೆಂಕಿ ಹರಡುತ್ತದೆ.

ಪೆಟ್ರೋಲನ್ನು ಬಾಯಿಂದ ಎಳೆಯುವುದು, ಜೆಟ್ಟನ್ನು ಬಾಯಲ್ಲಿಟ್ಟು ಊದುವುದು ಎರಡೂ ತಪ್ಪು. ಅಕಸ್ಮಾತ್ ಯಾರಾದರೂ ಪೆಟ್ರೋಲ್ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಕೂಡದು. ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಹೆಚ್ಚು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೇಕಾಗುವ ಸಾಮಾನು

ತಿರುಪಿನ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರುಗಳು, ಸ್ಪ್ಯಾನರ್, ಸೈಕಲ್ ಪಂಪ್, ಹಳೆಯ ಹಲ್ಲುಜ್ಜುವ ಬ್ರಷ್, ಲೋಹದ ಬಟ್ಟಲು, ಬಿಳಿ ಬಟ್ಟೆ ಹಾಸಿದ ತಟ್ಟೆ, ಸ್ವಲ್ಪ ಹೊಸ ಪೆಟ್ರೋಲ್ ಅಥವಾ ಅಂಗಡಿಯಲ್ಲಿ ಸಿಗುವ ಕಾರ್ಬುರೇಟರ್ ಕ್ಲೀನರ್. ಕಣ್ಣಿಗೆ ಕನ್ನಡಕ ಇರಲಿ.

ಶುಚಿ ಮಾಡುವ ಕ್ರಮ

1. ಗಾಡಿಯನ್ನು ನೇರ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಟ್ರೋಲ್ ಕಾಕ್ ಮುಚ್ಚಬೇಕು. ಬಟ್ಟಲಿನ ಪೆಟ್ರೋಲನ್ನು ಪೂರ್ತಿ ಇಳಿಸಬೇಕು.

2. ಬಟ್ಟಲಿನ ತಿರುಪುಗಳನ್ನು ಬಿಚ್ಚಿ ಅದನ್ನು ಕೆಳಗಿಳಿಸಬೇಕು. ಜಾಗ ಸಾಲದಿದ್ದರೆ ಕಾರ್ಬುರೇಟರಿನ ಕ್ಲಾಂಪ್ ಸಡಿಲಿಸಿ ಸ್ವಲ್ಪ ಓರೆಗೆ ತಿರುಗಿಸಬಹುದು. ಬಿಚ್ಚಿದ ಭಾಗಗಳನ್ನು ಅನುಕ್ರಮವಾಗಿ ತಟ್ಟೆಯಲ್ಲಿ ಜೋಡಿಸಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದಿಡಬಯಸುವವರು ಬಟ್ಟಲನ್ನು ಬರಿದು ಮಾಡುವ ಮೊದಲೇ ತೆಗೆದು ಮೊಬೈಲನ್ನು ದೂರವಿಡುವುದು ಒಳ್ಳೆಯದು.

3. ತೇಲುಗುಂಡನ್ನು ಬಗ್ಗಿಸಕೂಡದು. ಬಗ್ಗಿದರೆ ಪೆಟ್ರೋಲಿನ ಮಟ್ಟ ವ್ಯತ್ಯಾಸವಾಗುತ್ತದೆ.

4. ಜೆಟ್ಟುಗಳನ್ನು ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಹಿತ್ತಾಳೆ ಮೆದು ಲೋಹ. ಸಣ್ಣ ಸ್ಕ್ರೂಡ್ರೈವರ್ ಬಳಸಿದರೆ ಸೀಳು ಕಿತ್ತುಹೋಗುತ್ತದೆ. ಬಿಗಿಯಾಗಿದ್ದರೆ ಎರಡು ಹನಿ ಕ್ಲೀನರ್ ಬಿಟ್ಟು ಕಾಯಬೇಕು. ಆಗಲೂ ಬಾರದಿದ್ದರೆ ಬಲ ಹಾಕದೆ ಮೆಕ್ಯಾನಿಕ್ಕನಿಗೆ ತೋರಿಸುವುದೇ ಲೇಸು.

5. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಬೇಕು. ದುಂಡಗಿನ ಬೆಳಕು ಕಾಣಬೇಕು. ಕಾಣದಿದ್ದರೆ ಅಥವಾ ಅರ್ಧ ಚಂದ್ರನಂತೆ ಕಂಡರೆ ಕಸವಿದೆಯೆಂದು ಅರ್ಥ.

6. ಅರ್ಧ ಗಂಟೆ ಪೆಟ್ರೋಲಿನಲ್ಲಿ ನೆನೆಸಿ, ಬ್ರಷ್ಷಿನಿಂದ ಹೊರಭಾಗವನ್ನು ಉಜ್ಜಿ, ಸೈಕಲ್ ಪಂಪಿನಿಂದ ಎರಡೂ ಕಡೆಯಿಂದ ಗಾಳಿ ಹೊಡೆಯಬೇಕು. ಪಕ್ಕದ ಸಣ್ಣ ತೂತುಗಳನ್ನೂ ಮರೆಯಬಾರದು. ಬೆಳಕು ಸರಿಯಾಗಿ ಕಾಣುವವರೆಗೆ ಇದನ್ನು ಎರಡು ಮೂರು ಸಲ ಮಾಡಬೇಕು.

7. ಅಷ್ಟಕ್ಕೂ ಬಿಡದಿದ್ದರೆ ಬ್ರಷ್ಷಿನ ಒಂದು ನೈಲಾನ್ ಎಳೆಯನ್ನು ಮೆಲ್ಲನೆ ತೂರಿಸಬಹುದು. ಸೂಜಿ, ಪಿನ್ನು, ಕಬ್ಬಿಣದ ತಂತಿ ಖಂಡಿತ ಬಳಸಕೂಡದು. ಪೊರಕೆ ಕಡ್ಡಿ ಒಳಗೇ ಮುರಿದುಕೊಳ್ಳುತ್ತದೆ. ಕೆಟ್ಟ ಜೆಟ್ಟಿಗೆ ಬದಲಾಗಿ ಅದೇ ಸಂಖ್ಯೆ ಕೆತ್ತಿದ ಜೆಟ್ಟನ್ನೇ ತರಬೇಕು.

8. ಜೆಟ್ ಕೂರುವ ರಂಧ್ರಗಳಿಗೂ ಗಾಳಿ ಹೊಡೆದು, ಬಟ್ಟಲಿನ ತಳವನ್ನು ಒರೆಸಬೇಕು. ರಬ್ಬರ್ ಪ್ಯಾಕಿಂಗನ್ನು ಕ್ಲೀನರಿನಲ್ಲಿ ನೆನೆಸಬಾರದು. ಅದು ಉಬ್ಬಿದ್ದರೆ ಹೊಸದನ್ನು ಹಾಕಬೇಕು. ಗಾಳಿಯ ತಿರುಪನ್ನು (ಏರ್ ಸ್ಕ್ರೂ) ಮುಟ್ಟದಿರುವುದೇ ಕ್ಷೇಮ.

9. ಜೋಡಿಸುವಾಗ ಜೆಟ್ಟನ್ನು ಮೊದಲು ಕೈಬೆರಳಿನಿಂದಲೇ ತಿರುಗಿಸಿ, ಮರೆ ಸರಿಯಾಗಿ ಕೂತ ಮೇಲೆ ಹದವಾಗಿ ಬಿಗಿಮಾಡಬೇಕು. ಕಾಕ್ ತೆರೆದು ಎರಡು ನಿಮಿಷ ಸೋರಿಕೆ ಇದೆಯೇ ನೋಡಬೇಕು. ಸೋರಿದರೆ ಗಾಡಿ ಸ್ಟಾರ್ಟ್ ಮಾಡಕೂಡದು. ನೆಲಕ್ಕೆ ಬಿದ್ದ ಪೆಟ್ರೋಲ್ ಆರಿದ ನಂತರವೇ ಕಿಕ್ ಹೊಡೆಯಬೇಕು.

ಕೆಲಸದ ನಂತರ

ಹಾಲು ಸುತ್ತಲಿನ ವಾಸನೆಯನ್ನು ಬೇಗ ಹಿಡಿಯುತ್ತದೆ. ಪೆಟ್ರೋಲ್ ಮುಟ್ಟಿದ ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯದೆ ಹಸುವಿನ ಕೆಚ್ಚಲನ್ನಾಗಲಿ, ಕ್ಯಾನನ್ನಾಗಲಿ, ರೇಷ್ಮೆ ಹುಳುವಿನ ಸೊಪ್ಪನ್ನಾಗಲಿ ಮುಟ್ಟಬಾರದು. ಕ್ಯಾನಿನ ಮುಚ್ಚಳವನ್ನು ಪೆಟ್ರೋಲ್ ಹಿಡಿಯಲು ಬಳಸುವುದು ಸಲ್ಲದು. ಕೊಳೆ ಪೆಟ್ರೋಲನ್ನು ಕೊಳವೆ ಬಾವಿಯ ಬಳಿ ಚೆಲ್ಲಬಾರದು.

ಮತ್ತೆ ಕಟ್ಟದಂತೆ ಮುನ್ನೆಚ್ಚರಿಕೆ

* ಪಂಪಿನಲ್ಲೇ ಪೆಟ್ರೋಲ್ ಹಾಕಿಸಬೇಕು. ಬಾಟಲಿಯಲ್ಲಿ ಮಾರುವ ಪೆಟ್ರೋಲಿನಲ್ಲಿ ನೀರು, ಕಸ ಇರುವ ಸಂಭವ ಹೆಚ್ಚು.
* ಟ್ಯಾಂಕಿಗೂ ಕಾರ್ಬುರೇಟರಿಗೂ ನಡುವೆ ಸಣ್ಣ ಫಿಲ್ಟರ್ ಹಾಕಿಸಬೇಕು.
* ಏರ್ ಫಿಲ್ಟರನ್ನು ಬೇಸಿಗೆಯಲ್ಲಿ ಪದೇ ಪದೇ ನೋಡಬೇಕು. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ ತುಸು ಎಂಜಿನ್ ಆಯಿಲ್ ಸವರಬೇಕು. ಕಾಗದದ್ದನ್ನು ತೊಳೆಯಬಾರದು.
* ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧಕ್ಕಿಂತ ಕಡಿಮೆ ಮಾಡದಿರುವುದು ಒಳ್ಳೆಯದು. ತಿಂಗಳಿಗೊಮ್ಮೆ ಬಟ್ಟಲಿನ ತಳದ ತಿರುಪು ಸಡಿಲಿಸಿ ನೀರನ್ನು ಹೊರಬಿಡಬೇಕು.
* ಕೆಲವು ವಾರ ಗಾಡಿ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಸಿಂಪರಣೆಯ ಕಾಲ ಮುಗಿದ ಮೇಲೆ ಪವರ್ ಸ್ಪ್ರೇಯರಿನ ಟ್ಯಾಂಕನ್ನು ಬರಿದು ಮಾಡಿ, ಅದನ್ನೂ ಹೀಗೆಯೇ ಓಡಿಸಿ ಒಣಗಿಸಿಡಬೇಕು.

ಗಾಡಿ ಪದೇ ಪದೇ ಹೀಗೆ ನಿಲ್ಲುತ್ತಿದ್ದರೆ ದೋಷ ಟ್ಯಾಂಕಿನ ತುಕ್ಕಿನಲ್ಲಿ ಇಲ್ಲವೆ ಏರ್ ಫಿಲ್ಟರಿನಲ್ಲಿ ಇದೆಯೆಂದು ತಿಳಿದು ಅದನ್ನು ಮೊದಲು ಸರಿಪಡಿಸಬೇಕು. ತಿಂಗಳಿಗೊಮ್ಮೆ ಹತ್ತು ನಿಮಿಷ ಗಾಡಿಯ ಕಡೆ ಗಮನ ಕೊಟ್ಟ ರೈತನು ಬೆಳಗಿನ ಹಾಲನ್ನು ಹೊತ್ತಿಗೆ ಸರಿಯಾಗಿ ಡೈರಿಗೆ ಮುಟ್ಟಿಸಬಲ್ಲನು.