ಸೆರೆಮನೆಯ ಬಾಗಿಲೂ ಊರ ಬಾಗಿಲೂ

ಮನೆಯಲ್ಲಿ ಒಬ್ಬರು ಜ್ವರದಿಂದ ಮಲಗಿದರೆ ನೆರೆಹೊರೆಯವರು ಬಂದು ವಿಚಾರಿಸುವರು. ಸಾವು ಸಂಭವಿಸಿದರೆ ಹಗೆಗಳೂ ಬಂದು ಹೆಗಲು ಕೊಡುವರು. ಆದರೆ ಮನೆಯ ಗಂಡಸೊಬ್ಬನು ಸೆರೆಮನೆಗೆ ಹೋದನೆಂಬ ಸುದ್ದಿ ಹಬ್ಬಿದೊಡನೆ ಆ ಮನೆಯ ಹೊಸ್ತಿಲನ್ನು ತುಳಿಯುವವರೇ ಇಲ್ಲವಾಗುವರು. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಂಥ ಊರನ್ನು ನೆನೆಯೋಣ. ಹಿಪ್ಪುನೇರಳೆಯ ಸೊಪ್ಪು ಕೊಯ್ದು, ರೇಷ್ಮೆ ಹುಳುವಿಗೆ ಹೊತ್ತು ಹೊತ್ತಿಗೆ ಮೇವಿಟ್ಟು, ಗೂಡು ಮಾರಿ ಬಾಳುವ ಸಂಸಾರಗಳು ಆ ಸೀಮೆಯಲ್ಲಿ ಬಹಳ. ದುಡಿಯುವ ಕೈಯೊಂದು ಹೋದರೆ ಹುಳು ಕಾಯುವುದಿಲ್ಲ, ಸಾಲಗಾರನೂ ಕಾಯುವುದಿಲ್ಲ. ದಂಡನೆ ಒಬ್ಬನಿಗಾದರೂ ಅದರ ಭಾರವನ್ನು ಹೊರುವವರು ಹೆಂಡತಿ ಮಕ್ಕಳು.

ಸೆರೆಯಲ್ಲಿರುವವರನ್ನು ಕಂಡು ವಿಚಾರಿಸುವುದು ಕ್ರೈಸ್ತ ಧರ್ಮದಲ್ಲಿ ಹಸಿದವನಿಗೆ ಅನ್ನವಿಡುವುದಕ್ಕೆ ಸಮನಾದ ಕರ್ತವ್ಯವೆಂದು ಎಣಿಸಲ್ಪಟ್ಟಿದೆ. ಇಂಗ್ಲೆಂಡಿನ ಎಲಿಜಬೆತ್ ಫ್ರೈ ಎಂಬ ಗೃಹಿಣಿಯು 1813ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಹೊಕ್ಕು, ಅಲ್ಲಿ ಹೆಂಗಸರೂ ಕೂಸುಗಳೂ ಒಟ್ಟಿಗೆ ತುಂಬಿದ್ದುದನ್ನು ಕಂಡು ಮರುಗಿದಳು. 1817ರಲ್ಲಿ ಗೆಳತಿಯರನ್ನು ಸೇರಿಸಿ ಒಂದು ಸಂಘವನ್ನು ಕಟ್ಟಿ, ಆ ಹೆಂಗಸರಿಗೆ ಹೊಲಿಗೆಯನ್ನೂ ಓದನ್ನೂ ಕಲಿಸಿದಳು. ಬೋಧನೆಯ ಜತೆಗೆ ಸೂಜಿ ದಾರಗಳೂ ಒಳಗೆ ಹೋದುವೆಂಬುದನ್ನು ನಾವು ಮರೆಯಬಾರದು.

ನಮ್ಮ ನಾಡಿನಲ್ಲಿಯೂ ಇಂಥ ಸೇವೆಯುಂಟು. 1981ರಲ್ಲಿ ಕೇರಳದಲ್ಲಿ ಫ್ರಾನ್ಸಿಸ್ ಕೋಡಿಯನ್, ವರ್ಗೀಸ್ ಕರಿಪ್ಪೇರಿ ಎಂಬ ಇಬ್ಬರು ಗುರುವಿದ್ಯಾರ್ಥಿಗಳು ಸೆರೆಯಾಳುಗಳನ್ನು ಕಾಣಲಾರಂಭಿಸಿದರು. ಆ ಸಣ್ಣ ಮೊದಲಿನಿಂದ ಬೆಳೆದುದೇ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ಕಥೋಲಿಕ ಸಂಸ್ಥೆ. ಅದರ ರಾಷ್ಟ್ರೀಯ ಕಚೇರಿಯು ಬೆಂಗಳೂರಿನಲ್ಲಿದೆ. ಬಿಡುಗಡೆಯಾದವರಿಗೂ ಸೆರೆಯಾಳುಗಳ ಮಕ್ಕಳಿಗೂ ಆಶ್ರಯ ಕೊಡುವ ಕೆಲಸವನ್ನು ಸಹ ಅದು ಕೈಗೊಂಡಿದೆ.

ಆದರೆ ಸೆರೆಮನೆಯ ಒಳಗಿನ ಕೆಲಸವು ಅರ್ಧ ಕೆಲಸವೆಂದೇ ನಮ್ಮ ಅಭಿಪ್ರಾಯ. ಉಳಿದರ್ಧವು ಊರಿನಲ್ಲಿದೆ, ಅದನ್ನು ಊರ ಸಭೆಯ ಹಿರಿಯರಲ್ಲದೆ ಬೇರೆಯವರು ಮಾಡಲಾರರು. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಲಂಡನ್ ಮಿಷನ್ನಿನವರು ದುಡಿದು ಆಸ್ಪತ್ರೆಯನ್ನು ಕಟ್ಟಿದರು. ಆ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯೊಳಗೆ ಕೂಡಿಕೊಂಡುವು. ದೂರದಿಂದ ಬಂದ ಮಿಷನೆರಿಯು ಎಂದಾದರೂ ಹೊರಟುಹೋಗುವನು. ಊರಿನ ಸಭಾಪಾಲಕನೂ ಹಿರಿಯರೂ ಅಲ್ಲಿಯೇ ಇರುವರು.

ಈ ಮಾತಿಗೆ ಹಳೆಯದೊಂದು ನಿದರ್ಶನವುಂಟು. ಸೆರೆಯಲ್ಲಿದ್ದ ಪೌಲನು ಫಿಲೆಮೋನನೆಂಬ ಗೃಹಸ್ಥನಿಗೆ ಒಂದು ಚಿಕ್ಕ ಕಾಗದವನ್ನು ಬರೆದನು. ಸಭೆಯು ಕೂಡುತ್ತಿದ್ದುದು ಆ ಗೃಹಸ್ಥನ ಮನೆಯಲ್ಲಿಯೇ. ಅವನನ್ನು ಬಿಟ್ಟು ಹೋಗಿದ್ದ ಒನೇಸಿಮನೆಂಬ ದಾಸನು ಸೆರೆಯಲ್ಲಿದ್ದ ಪೌಲನ ಬಳಿ ಮನಸ್ಸು ತಿರುಗಿದ್ದನು. ಅವನನ್ನು ಸಹೋದರನಂತೆ ಮನೆಗೆ ಸೇರಿಸಿಕೊಳ್ಳಬೇಕೆಂದೂ, ಅವನಿಂದ ನಷ್ಟವಾಗಿದ್ದರೆ ತಾನೇ ತೆರುವೆನೆಂದೂ ಪೌಲನು ಬೇಡಿಕೊಂಡನು. ಮನಸ್ಸು ತಿರುಗುವುದಕ್ಕೆ ಸೆರೆಮನೆಯಲ್ಲಿ ಸ್ಥಳವಾಯಿತು. ತಿರುಗಿದ ಮನಸ್ಸು ನಿಲ್ಲುವುದಕ್ಕೆ ಒಂದು ಮನೆಯ ಬಾಗಿಲು ತೆರೆಯಬೇಕಾಯಿತು.

ಸೆರೆಯಲ್ಲಿರುವವರೆಲ್ಲರೂ ಅಪರಾಧಿಗಳೆಂದು ತಿಳಿಯುವುದು ಸಲ್ಲದು. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ಎಂದರೆ ನಾಲ್ವರಲ್ಲಿ ಮೂವರು. ಇವರಲ್ಲಿ ಎಷ್ಟೋ ಬಡವರಿಗೆ ಜಾಮೀನು ನಿಲ್ಲುವವರು ಇಲ್ಲ, ಕಾನೂನಿನ ತಿಳಿವಳಿಕೆಯೂ ಇಲ್ಲ.

ಹಾಗಾದರೆ ಸಭೆಯ ಹಿರಿಯರು ಮಾಡತಕ್ಕುದೇನು? ಮೊದಲನೆಯದಾಗಿ, ಸೆರೆಯಾಳಿನ ಮನೆಗೆ ಹಗಲು ಹೊತ್ತಿನಲ್ಲಿ, ನಾಲ್ವರು ಕಾಣುವಂತೆ ಹೋಗಿಬರಬೇಕು. ಹಿರಿಯರು ಹೋದ ಮನೆಗೆ ಊರು ಹೋಗುವುದು. ಎರಡನೆಯದಾಗಿ, ಬಂಧನದಲ್ಲಿರುವವನಿಗೆ 1987ರ ಕಾನೂನಿನ ಮೇರೆಗೆ ವಕೀಲರ ನೆರವು ಉಚಿತವಾಗಿ ದೊರೆಯುವುದೆಂದು ಮನೆಯವರಿಗೆ ತಿಳಿಸಬೇಕು. 15100 ಎಂಬ ದೂರವಾಣಿ ಸಂಖ್ಯೆಯಲ್ಲಿ ವಿಚಾರಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಂತೆ, ಹಿಂದೆ ಎಂದೂ ಅಪರಾಧಿಯೆಂದು ತೀರ್ಮಾನವಾಗದಿದ್ದ ಆಪಾದಿತನು ಆ ಅಪರಾಧದ ಪರಮಾವಧಿ ಶಿಕ್ಷೆಯ ಮೂರನೆಯ ಒಂದು ಪಾಲನ್ನು ವಿಚಾರಣೆಯಲ್ಲಿಯೇ ಕಳೆದಿದ್ದರೆ ಬಿಡುಗಡೆಗೆ ಅರ್ಹನು. ಮರಣದಂಡನೆ ಅಥವಾ ಆಜೀವ ಸೆರೆಗೆ ಗುರಿಯಾಗಬಹುದಾದ ಅಪರಾಧಗಳಿಗೂ, ಬೇರೆ ಮೊಕದ್ದಮೆಗಳು ಬಾಕಿಯಿರುವವರಿಗೂ ಇದು ಅನ್ವಯಿಸದು. ಮೂರನೆಯದಾಗಿ, ಕೇಡಿಗೊಳಗಾದ ಮನೆಯನ್ನೂ ಹೋಗಿ ಕಾಣಬೇಕು. ಅವರ ಕಣ್ಣೀರನ್ನು ಕಾಣದ ಕರುಣೆಯು ಅರೆಕರುಣೆ. ನಾಲ್ಕನೆಯದಾಗಿ, ಬಿಡುಗಡೆಯಾದವನಿಗೆ ಹುಳುಮನೆಯಲ್ಲಾಗಲಿ ತೋಟದಲ್ಲಾಗಲಿ ಒಂದು ಕೆಲಸವನ್ನು ಮುಂಚೆಯೇ ಗೊತ್ತುಮಾಡಿರಬೇಕು.

ಒಂದು ಎಚ್ಚರಿಕೆಯನ್ನೂ ಹೇಳುವುದು ನಮ್ಮ ಧರ್ಮ. ಕಷ್ಟದಲ್ಲಿರುವವನ ಮುಂದೆ ಅನ್ನವನ್ನೋ ಜಾಮೀನನ್ನೋ ಹಿಡಿದು ಅವನ ಮತವನ್ನು ಬದಲಿಸಹೊರಡುವುದು ಸೇವೆಯಲ್ಲ, ವ್ಯಾಪಾರ. ಸಹಾಯಕ್ಕೆ ಜಾತಿಮತಗಳ ಲೆಕ್ಕ ಕೂಡದು.

ವಾಚಕ ಮಹಾಶಯರೇ, ಈ ಕೆಲಸವು ಪಾದ್ರಿಗಳಿಗೆ ಮಾತ್ರ ಸೇರಿದ್ದೆಂದು ಪುಟವನ್ನು ಮಗುಚಬೇಡಿರಿ. ತಮ್ಮ ಬೀದಿಯಲ್ಲಿಯೂ ಅಂಥದೊಂದು ಮನೆ ಇದ್ದೀತು. ಸೆರೆಮನೆಯ ಬಾಗಿಲನ್ನು ಸರಕಾರವು ತೆರೆಯುವುದು. ಅದಾದ ಮೇಲೆ ತೆರೆಯಬೇಕಾದುದು ನಮ್ಮ ಬಾಗಿಲು. ಅದು ಮುಚ್ಚಿಯೇ ಇದ್ದರೆ ಬಂದವನು ಬಂದ ದಾರಿಯನ್ನೇ ಹಿಡಿಯುವನು.