ಒಂಟಿ ಮನೆಗೆ ಕೋವಿ ಇದ್ದರೆ ಸಾಕಾ? ಮಳೆಗಾಲದ ಆತ್ಮರಕ್ಷಣೆಗೆ ಏನಿರಬೇಕು, ಏನು ಕಲಿತಿರಬೇಕು, ಕಾನೂನು ಏನು ಹೇಳುತ್ತೆ

ಮಡಿಕೇರಿ: ಮಳೆ ಹಿಡಿದರೆ ಕೊಡಗಿನಲ್ಲಿ ಮೊದಲು ಹೋಗೋದು ಕರೆಂಟು. ಆಮೇಲೆ ನೆಟ್‌ವರ್ಕ್. ಮರ ಬಿದ್ದರೆ ರಸ್ತೆಯೂ ಹೋಯ್ತು. ತೋಟದ ಮಧ್ಯೆ ಒಂಟಿ ಮನೆ, ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್ ಆಚೆ, ಮನೆಯಲ್ಲಿ ವಯಸ್ಸಾದ ಇಬ್ಬರು, ಮಕ್ಕಳು ಬೆಂಗಳೂರಲ್ಲಿ. ಇಂಥ ಮನೆಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಎಲ್ಲೋ ಕಳ್ಳತನ ಆಯ್ತು ಅಂತ ವಾಟ್ಸ್ಆ್ಯಪ್ ಗ್ರೂಪಿಗೆ ಬಂದ ಕೂಡಲೇ ಮಕ್ಕಳು ಫೋನ್ ಮಾಡಿ ಕೇಳೋದು ಒಂದೇ ಮಾತು: ಕೋವಿ ಸರಿ ಇದ್ಯಾ, ತೋಟಾ ಇದ್ಯಾ?

ಕೇಳೋದರಲ್ಲಿ ತಪ್ಪಿಲ್ಲ. ಆದರೆ ಕೋವಿ ಒಂದಿದ್ದರೆ ಮನೆ ಭದ್ರ ಅಂತ ತಿಳಿಯೋದು ತಪ್ಪು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡ ಜರಿದು ರಸ್ತೆ ಕಡಿದಾಗ ಹೆಚ್ಚಿನ ಮನೆಗಳಲ್ಲಿ ಜನರ ಕೈಗೆ ಬೇಕಾಗಿದ್ದು ಹಗ್ಗ, ಟಾರ್ಚು, ಔಷಧ ಮತ್ತು ದಾರಿ ಗೊತ್ತಿದ್ದ ಪಕ್ಕದ ಮನೆಯವರು. ಹಾಗಾಗಿ ಆಯುಧ ಯಾವುದು ಅಂತ ಕೇಳುವ ಮೊದಲು ಅಪಾಯ ಯಾವುದು ಅಂತ ಕೇಳಬೇಕು.

ಯಾರಿಂದ, ಯಾವುದರಿಂದ ರಕ್ಷಣೆ?

ನಮ್ಮ ಕಡೆಯ ಒಂಟಿ ಮನೆಗೆ ಬರುವ ಅಪಾಯ ಸಾಮಾನ್ಯವಾಗಿ ನಾಲ್ಕು ಥರ. ಒಂದು, ಮಳೆ, ಗಾಳಿ, ಬರೆ ಕುಸಿತ. ಎರಡು, ಆನೆ, ಹಂದಿ, ಹಾವು. ಮೂರು, ಕಳ್ಳರು. ನಾಲ್ಕನೆಯದನ್ನು ಯಾರೂ ಬಾಯಿ ಬಿಟ್ಟು ಹೇಳಲ್ಲ: ಗೊತ್ತಿರುವವರೇ. ಕುಡಿದು ಬಂದು ಗಲಾಟೆ ಮಾಡುವ ನೆಂಟ, ಜಾಗದ ತಕರಾರಿನ ಪಕ್ಕದವರು, ಮನೆಯೊಳಗಿನ ಜಗಳ.

ಮೊದಲನೆಯದಕ್ಕೆ ಯಾವ ಆಯುಧವೂ ಉಪಯೋಗಕ್ಕೆ ಬರಲ್ಲ. ಎರಡನೆಯದರಲ್ಲಿ ಆಯುಧಕ್ಕಿಂತ ದೂರ ಮುಖ್ಯ. ಮೂರನೆಯದರಲ್ಲಿ ಬಾಗಿಲು, ಬೆಳಕು, ನಾಯಿ ಮುಕ್ಕಾಲು ಕೆಲಸ ಮಾಡುತ್ತವೆ. ನಾಲ್ಕನೆಯದರಲ್ಲಿ ಮನೆಯಲ್ಲಿರುವ ಕೋವಿಯೇ ದೊಡ್ಡ ಅಪಾಯ.

ವಿನಾಯಿತಿ ಯಾರಿಗೆ, ಲೈಸೆನ್ಸ್ ಯಾರಿಗೆ?

ಕೊಡಗಿನ ಕೋವಿಯ ಕಥೆ ದೇಶದ ಬೇರೆ ಕಡೆಯಂತಿಲ್ಲ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ, ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇಲ್ಲಿಯವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟರು. ಅದೇ ಮುಂದುವರಿದು ಈಗ 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 41ರ ಅಡಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಇದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ತಳ್ಳಿಹಾಕಿತು.

ವಿನಾಯಿತಿ ಅಂದರೆ ಲೆಕ್ಕ ಇಲ್ಲ ಅಂತ ಅಲ್ಲ. ಜಿಲ್ಲಾಡಳಿತ ಕೊಡುವ ವಿನಾಯಿತಿ ಪತ್ರ ಇರಬೇಕು, ಕೋವಿಯ ವಿವರ ದಾಖಲೆಯಲ್ಲಿರಬೇಕು. ಕೋವಿಯಿಂದ ಅಪರಾಧ ನಡೆದರೆ ವಿನಾಯಿತಿ ಇರುವವರಿಗೂ ಕಾನೂನು ಒಂದೇ.

ಉಳಿದವರೆಲ್ಲ ಲೈಸೆನ್ಸ್ ಪಡೆಯಲೇಬೇಕು. 21 ವರ್ಷ ತುಂಬಿರಬೇಕು. ಅರ್ಜಿ ಜಿಲ್ಲಾಧಿಕಾರಿಗೆ, ಆಮೇಲೆ ಪೊಲೀಸ್ ವರದಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿಯೂ ಆಗಿರಬೇಕು. 2019ರ ತಿದ್ದುಪಡಿ ನಂತರ ಲೈಸೆನ್ಸ್ ಅವಧಿ 3ರಿಂದ 5 ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿ 3ರಿಂದ 2ಕ್ಕೆ ಇಳಿದಿದೆ.

ಅಜ್ಜನ ಕಾಲದ್ದು ಅಂತ ಅಟ್ಟದ ಮೇಲೆ ದಾಖಲೆ ಇಲ್ಲದೆ ಇಟ್ಟ ನಾಡಕೋವಿ ಆತ್ಮರಕ್ಷಣೆಯ ಸಾಧನ ಅಲ್ಲ, ಕೇಸಿನ ಸಾಮಾನು. ಲೈಸೆನ್ಸ್ ಇಲ್ಲದ ಬಂದೂಕು ಸಿಕ್ಕರೆ ಕನಿಷ್ಠ 2 ವರ್ಷ ಜೈಲು. ಜೊತೆಗೆ ಹಳೇ ನಳಿಗೆ ಸಿಡಿದರೆ ಹೋಗೋದು ಹಾರಿಸಿದವನ ಕೈ, ಕಣ್ಣು.

ಕೋವಿ ಎತ್ತುವ ಆ ಎರಡು ನಿಮಿಷ

ತೋಟದ ಮನೆಗಳಲ್ಲಿ ಹೆಚ್ಚಾಗಿ ಇರೋದು 12 ಬೋರ್‌ನ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ ಕೋವಿ. ರಾತ್ರಿ ಎರಡು ಗಂಟೆಗೆ ಹಿಂಬಾಗಿಲ ಸದ್ದಾಯ್ತು ಅಂತ ಇಟ್ಟುಕೊಳ್ಳಿ. ಕರೆಂಟಿಲ್ಲ. ಎದ್ದು ಕನ್ನಡಕ ಹುಡುಕಬೇಕು, ಬೀರುವಿನ ಕೀ ಹುಡುಕಬೇಕು, ಕೋವಿ ತೆಗೆಯಬೇಕು, ಬೇರೆ ಕಡೆ ಇಟ್ಟ ತೋಟಾ ತೆಗೆಯಬೇಕು, ನಡುಗುವ ಕೈಯಲ್ಲಿ ತುಂಬಬೇಕು. ಒಂದು ಕೈಯಲ್ಲಿ ಟಾರ್ಚ್ ಹಿಡಿದರೆ ಕೋವಿ ಹಿಡಿಯೋಕೆ ಉಳಿಯೋದು ಇನ್ನೊಂದೇ ಕೈ. ಇಷ್ಟಾದ ಮೇಲೂ ಹೊರಗಿರೋದು ಯಾರು ಅಂತ ಗೊತ್ತಿರಲ್ಲ. ಕಳ್ಳನೂ ಇರಬಹುದು. ಮಳೆಗೆ ಗಾಡಿ ಕೆಟ್ಟು ತಡವಾಗಿ ಬಂದ ಮಗನೂ ಇರಬಹುದು, ಲೈನ್‌ಮನೆಯಿಂದ ಹೆರಿಗೆ ನೋವು ಅಂತ ಓಡಿ ಬಂದವರೂ ಇರಬಹುದು.

ಸಮಯ ಉಳಿಸೋಕೆ ಅಂತ ತುಂಬಿದ ಕೋವಿಯನ್ನು ಮಂಚದ ಪಕ್ಕ ಇಟ್ಟರೆ ಇನ್ನೊಂದು ಅಪಾಯ. ಅದು ಕಳ್ಳ ಬರುವ ಒಂದು ರಾತ್ರಿಗೆ ಮಾತ್ರ ಅಲ್ಲ, ಉಳಿದ 364 ರಾತ್ರಿಯೂ ಅಲ್ಲೇ ಇರುತ್ತೆ. ರಜೆಗೆ ಬಂದ ಮೊಮ್ಮಕ್ಕಳಿಗೂ, ಕುಡಿದವರಿಗೂ, ಮನಸ್ಸು ಕೆಟ್ಟು ಕೂತವರಿಗೂ ಅದು ಕೈಗೆಟುಕುತ್ತೆ. ಆಸ್ತಿ ಜಗಳದಲ್ಲಿ ಅಣ್ಣತಮ್ಮಂದಿರ ಮಧ್ಯೆ ಗುಂಡು ಹಾರಿದ ಸುದ್ದಿ, ಹಂದಿ ಅಂತ ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿಗೆ ಹೊಸದಲ್ಲ.

ಹಾಗಾಗಿ ಕೋವಿ ಇರುವ ಮನೆಯಲ್ಲಿ ಪಾಲಿಸಬೇಕಾದ್ದು ಇಷ್ಟು:

• ಕೋವಿ ಖಾಲಿ, ಬೀಗದೊಳಗೆ. ತೋಟಾ ಬೇರೆ ಬೀಗದೊಳಗೆ.
• ಖಾಲಿ ಅಂತ ಗೊತ್ತಿದ್ದರೂ ನಳಿಗೆ ಮನುಷ್ಯರ ಕಡೆ ತಿರುಗಬಾರದು.
• ಗುರಿ ಯಾರು, ಗುರಿಯ ಹಿಂದೆ ಏನಿದೆ ಅಂತ ಕಣ್ಣಿಗೆ ಕಾಣುವವರೆಗೆ ಬೆರಳು ಕುದುರೆ ಮೇಲೆ ಹೋಗಬಾರದು. ಸದ್ದಿಗೆ ಗುಂಡು ಹೊಡೆಯೋದು ಯಾವತ್ತೂ ಇಲ್ಲ.
• ಕುಡಿದ ದಿನ ಕೋವಿ ಮುಟ್ಟೋ ಹಾಗಿಲ್ಲ.
• ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಜಗಳ ಅತಿಯಾಗಿದ್ದರೆ ಕೋವಿಯನ್ನು ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಠೇವಣಿ ಇಡಬಹುದು. ನಾಚಿಕೆ ಪಡೋ ವಿಷಯ ಅಲ್ಲ.

ವರ್ಷಗಟ್ಟಲೆ ಮುಟ್ಟದ ಕೋವಿ, ಅಭ್ಯಾಸ ಇಲ್ಲದ ಕೈ ಎರಡೂ ಸೇರಿದರೆ ಕಳ್ಳನಿಗಿಂತ ಮನೆಯವರಿಗೇ ಹೆಚ್ಚು ಭಯ. ಕೈಲ್ ಪೊಳ್ದ್ ದಿನ ತೋಕ್ ಪೂ ಇಟ್ಟು ಪೂಜೆ ಮಾಡೋದು ಬೇರೆ, ಕತ್ತಲಲ್ಲಿ ಬಳಸೋದು ಬೇರೆ.

ಕತ್ತಿ, ದೊಣ್ಣೆ, ಸ್ಪ್ರೇ, ಏರ್‌ಗನ್

ತೋಟದ ಕೆಲಸದ ಕತ್ತಿಗೆ ಲೈಸೆನ್ಸ್ ಬೇಡ. ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಸೇರುತ್ತೆ, ಆದರೆ ಮನೆ ಮತ್ತು ಕೃಷಿ ಬಳಕೆಯದ್ದನ್ನು ಹೊರಗಿಡಲಾಗಿದೆ. ಅದೇ ಕತ್ತಿಯನ್ನು ಕಾರಣ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಯಲ್ಲಿ ತಿರುಗಿದರೆ ಪೊಲೀಸರು ಕೇಳೇ ಕೇಳುತ್ತಾರೆ. ಇನ್ನು ಕತ್ತಿ ಕೆಲಸ ಮಾಡೋದು ಕೈಯಳತೆಯಲ್ಲಿ. ಅಷ್ಟು ಹತ್ತಿರ ಹೋದರೆ ಎದುರಿನವನಿಗೂ ಅದು ಸಿಗುತ್ತೆ. ಅರವತ್ತು ದಾಟಿದವರ ಕೈಯಿಂದ ಕತ್ತಿ ಕಿತ್ತುಕೊಳ್ಳೋದು ಕಷ್ಟ ಅಲ್ಲ.

ಉದ್ದದ ದೊಣ್ಣೆ ಇದಕ್ಕಿಂತ ವಾಸಿ. ದೂರ ಇಡುತ್ತೆ, ಕತ್ತಲಲ್ಲಿ ನಡೆಯೋಕೂ ಆಗುತ್ತೆ, ದಾರಿಯಲ್ಲಿ ಹಾವಿದ್ದರೆ ತಟ್ಟಿ ಓಡಿಸೋಕೂ ಆಗುತ್ತೆ.

ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ. ಒಬ್ಬರೇ ಓಡಾಡುವ ಹೆಣ್ಣುಮಕ್ಕಳಿಗೆ, ತೋಟಕ್ಕೆ ಕೆಲಸಕ್ಕೆ ಬರುವವರಿಗೆ ಉಪಯೋಗ ಆಗುತ್ತೆ. ಗಾಳಿ ಎದುರಿಗಿದ್ದರೆ ಮಾತ್ರ ಹೊಡೆದವರ ಕಣ್ಣಿಗೇ ಬರುತ್ತೆ. ಡಬ್ಬಿಯ ಮೇಲಿನ ಕೊನೆ ದಿನಾಂಕ ನೋಡಬೇಕು, ಬ್ಯಾಗಿನ ತಳದಲ್ಲಿ ಅಲ್ಲ, ಕೈಗೆ ಸಿಗುವ ಹಾಗೆ ಇಡಬೇಕು. ಹೊಡೆದ ಮೇಲೆ ನಿಂತು ನೋಡೋದಲ್ಲ, ಓಡಬೇಕು. ಸ್ಪ್ರೇ ಕೂಡ ಆಟದ ಸಾಮಾನಲ್ಲ. ಆಸ್ತಿ ಗಲಾಟೆಯೊಂದರಲ್ಲಿ ಪೆಪ್ಪರ್ ಸ್ಪ್ರೇ ಬಳಸಿದ್ದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2024ರಲ್ಲಿ ಕೇಸು ರದ್ದು ಮಾಡಲು ಒಪ್ಪಲಿಲ್ಲ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ ಸ್ಪ್ರೇ ಬಳಕೆಯನ್ನು ಆತ್ಮರಕ್ಷಣೆ ಅನ್ನಲಾಗದು, ಅದು ಅಪಾಯಕಾರಿ ಆಯುಧ ಅನ್ನೋದು ಕೋರ್ಟಿನ ನಿಲುವಾಗಿತ್ತು.

ಏರ್‌ಗನ್ ಬೇಡವೇ ಬೇಡ. ಕಡಿಮೆ ಶಕ್ತಿಯದ್ದಕ್ಕೆ ಲೈಸೆನ್ಸ್ ಬೇಡ ಅನ್ನೋ ಕಾರಣಕ್ಕೆ ಕೊಳ್ಳುತ್ತಾರೆ. ಅದು ದಾಳಿ ಮಾಡುವವನನ್ನು ನಿಲ್ಲಿಸಲ್ಲ, ಮಗುವಿನ ಕಣ್ಣು ಮಾತ್ರ ತೆಗೆಯಬಲ್ಲದು.

ಕಾನೂನು ಎಲ್ಲಿವರೆಗೆ ಜೊತೆಗಿರುತ್ತೆ?

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ ಸೆಕ್ಷನ್ 34ರಿಂದ 44 ಆತ್ಮರಕ್ಷಣೆಯ ಹಕ್ಕಿನ ಬಗ್ಗೆ. ತನ್ನ ಜೀವ, ಬೇರೆಯವರ ಜೀವ, ಆಸ್ತಿ ಎಲ್ಲವನ್ನೂ ಕಾಪಾಡುವ ಹಕ್ಕಿದೆ. ಆದರೆ ಸೆಕ್ಷನ್ 37 ಎರಡು ಗೆರೆ ಎಳೆಯುತ್ತೆ. ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಈ ಹಕ್ಕು ಇಲ್ಲ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಪೆಟ್ಟು ಕೊಡುವ ಹಕ್ಕೂ ಇಲ್ಲ.

ಎದುರಿನವನ ಪ್ರಾಣ ಹೋದರೂ ಕ್ಷಮ್ಯ ಅನ್ನುವ ಸಂದರ್ಭಗಳನ್ನು ಸೆಕ್ಷನ್ 38 ಪಟ್ಟಿ ಮಾಡಿದೆ. ಕೊಲೆ ಅಥವಾ ಗಂಭೀರ ಗಾಯದ ನಿಜವಾದ ಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಅದರಲ್ಲಿ ಬರುತ್ತವೆ. ಆಸ್ತಿಯ ವಿಷಯದಲ್ಲಿ ಸೆಕ್ಷನ್ 41 ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಒಡೆಯೋದು, ವಾಸದ ಮನೆಗೆ ಬೆಂಕಿ ಇಡೋದು ಇಂಥವನ್ನು ಸೇರಿಸಿದೆ. ಕಣದಲ್ಲಿ ಒಣಗಿಸಿದ ಕಾಫಿಯನ್ನೋ ಒಳ್ಳೆಮೆಣಸನ್ನೋ ಮೂಟೆ ಕಟ್ಟಿಕೊಂಡು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಅದು ಇದರೊಳಗೆ ಬರಲ್ಲ. ಕಾಫಿ ಹೋದದ್ದು ಒಂದು ನಷ್ಟ, ಕೊಲೆ ಕೇಸು ಬಿದ್ದರೆ ತೋಟವೇ ಹೋಗುತ್ತೆ.

ಭಯದಲ್ಲಿರುವ ಮನುಷ್ಯ ತಕ್ಕಡಿ ಹಿಡಿದು ಪೆಟ್ಟು ಅಳೆಯಲಾರ ಅನ್ನೋದನ್ನು ಕೋರ್ಟುಗಳೂ ಒಪ್ಪಿವೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಅರ್ಥದಲ್ಲಿ ಹೇಳಿದೆ. ಆದರೂ ಆತ್ಮರಕ್ಷಣೆ ಆಗಿತ್ತು ಅಂತ ತೋರಿಸಬೇಕಾದವರು ಹೊಡೆದವರೇ. ಹಾಗಾಗಿ ಘಟನೆ ನಡೆದ ಕೂಡಲೇ 112ಕ್ಕೆ ಹೇಳಬೇಕು, ಗಾಯಗೊಂಡವನಿಗೆ ಚಿಕಿತ್ಸೆ ಕೊಡಿಸಬೇಕು, ಜಾಗ ತೊಳೆಯಬಾರದು.

ಆನೆ ಬಂದರೆ ಲೆಕ್ಕ ಬೇರೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಸೆಕ್ಷನ್ 11ರಲ್ಲಿ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಪ್ರಾಣಿಗೆ ಪೆಟ್ಟು ಕೊಟ್ಟರೆ ಅಪರಾಧ ಅಲ್ಲ ಅಂತ ಇದೆ. ಹಾಗಂತ ಬೆಳೆ ತಿನ್ನುವ ಆನೆಗೆ ಚರೆ ಹೊಡೆಯೋದು, ಬೇಲಿಗೆ ನೇರ ಕರೆಂಟು ಕೊಡೋದು ಇದರಲ್ಲಿ ಬರಲ್ಲ. ಚರೆ ತಗುಲಿದ ಆನೆ ಸಾಯಲ್ಲ, ಸಿಟ್ಟಾಗುತ್ತೆ. ಮಾರನೇ ದಿನ ಬೆಳಗ್ಗೆ ಅದೇ ದಾರಿಯಲ್ಲಿ ಕೆಲಸಕ್ಕೆ ಬರುವವರ ಮೇಲೆ ತೀರಿಸಿಕೊಳ್ಳಬಹುದು.

ಕತ್ತಲು ಹರಿಯುವ ಮೊದಲು ತೋಟಕ್ಕೆ ಇಳಿಯದಿರೋದು, ಹಲಸಿನ ಹಣ್ಣನ್ನು ಮನೆ ಹತ್ತಿರ ಕೊಳೆಯೋಕೆ ಬಿಡದಿರೋದು, ಆನೆ ಎಲ್ಲಿದೆ ಅಂತ ಆನೆ ಕಾರ್ಯಪಡೆಯವರಿಂದ ತಿಳಿದು ಕೆಲಸದವರಿಗೆ ಮೊದಲೇ ಹೇಳೋದು, ಇವೇ ಇಲ್ಲಿ ಆಯುಧ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಕಲಿಯಬೇಕಾದ್ದು ಏನು?

ಚಿತ್ರದುರ್ಗದ ಓಬವ್ವನ ಕಥೆ ಹೇಳುವಾಗ ಎಲ್ಲರೂ ಒನಕೆ ನೆನೆಯುತ್ತಾರೆ. ಆದರೆ ಆಕೆಗೆ ಬಲ ಕೊಟ್ಟಿದ್ದು ಆ ಕಿಂಡಿ. ಒಬ್ಬೊಬ್ಬರೇ ತೂರಿ ಬರಬೇಕಾದ ಜಾಗದಲ್ಲಿ ನಿಂತಿದ್ದರಿಂದ ಒನಕೆಯೂ ಸಾಕಾಯ್ತು. ಒಂಟಿ ಮನೆಗೂ ಇದೇ ಪಾಠ: ಕೈಯಲ್ಲಿ ಏನಿದೆ ಅನ್ನೋದಕ್ಕಿಂತ ಎಲ್ಲಿ ನಿಂತಿದ್ದೀವಿ ಅನ್ನೋದು ದೊಡ್ಡದು.

• ಒಂದು ಕೋಣೆ ಗೊತ್ತು ಮಾಡಿ: ಒಳಗಿನಿಂದ ಗಟ್ಟಿ ಅಗಳಿ, ಚಾರ್ಜ್ ಇರುವ ಫೋನು, ಟಾರ್ಚು, ಸೀಟಿ, ನೀರು, ದಿನದ ಮಾತ್ರೆ ಅಲ್ಲಿರಲಿ. ಸದ್ದಾದರೆ ಹೊರಗೆ ಹೋಗಿ ನೋಡೋದಲ್ಲ, ಇಬ್ಬರೂ ಅದರೊಳಗೆ ಸೇರಿ ಬಾಗಿಲು ಹಾಕೋದು. ಗುಡ್ಡ ಜರಿಯುವ ಭಯ ಇದ್ದರೆ ಮಾತ್ರ ಉಲ್ಟಾ, ಕೋಣೆಯೊಳಗೆ ಕೂರದೆ ಮನೆಯನ್ನೇ ಬಿಡಬೇಕು. ಯಾವ ದಾರಿ ಅಂತ ಬಿಸಿಲಿದ್ದಾಗಲೇ ನಡೆದು ನೋಡಿರಬೇಕು.

• ಫೋನಲ್ಲಿ ಜಾಗ ಹೇಳಲು ಕಲಿಯಿರಿ: ಊರು, ತೋಟದ ಹೆಸರು, ಹತ್ತಿರದ ಬಸ್ ಸ್ಟಾಪ್, ಎಲ್ಲಿ ತಿರುಗಬೇಕು. ನಾಲ್ಕೇ ಮಾತು. ಬರೆದು ಗೋಡೆಗೆ ಅಂಟಿಸಿದರೆ ಗಾಬರಿಯಲ್ಲೂ ಓದಬಹುದು. ಸ್ವಂತ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112 ಹೋಗುವ ಸಾಧ್ಯತೆ ಇದೆ, ಪ್ರಯತ್ನ ಬಿಡಬಾರದು.

• ಪಕ್ಕದ ಮನೆಯ ಜೊತೆ ಗುರುತು ಮಾಡಿಕೊಳ್ಳಿ: ಮೂರು ಸಲ ಸೀಟಿ ಅಂದರೆ ಬನ್ನಿ ಅಂತ. ಮಳೆಗಾಲದಲ್ಲಿ ದಿನಾ ಸಂಜೆ ಒಂದು ಹೊತ್ತು ಗೊತ್ತು ಮಾಡಿ ಒಂದು ಕರೆ. ಕರೆ ಬರದಿದ್ದರೆ ಯಾರಾದರೂ ಹೋಗಿ ನೋಡಬೇಕು.

• ರಕ್ತ ನಿಲ್ಲಿಸಲು ಕಲಿಯಿರಿ: ಕತ್ತಿ ತಾಗಿದರೂ ಗುಂಡು ತಗುಲಿದರೂ ಆಂಬುಲೆನ್ಸ್ ಬರೋದು ತಡ. ಸ್ವಚ್ಛ ಬಟ್ಟೆ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ನಿಂತಿತಾ ಅಂತ ಮತ್ತೆ ಮತ್ತೆ ತೆಗೆದು ನೋಡಬಾರದು. ಮರ ಕಡಿಯುವಾಗ ಆಗುವ ಗಾಯಕ್ಕೂ ಇದೇ ವಿದ್ಯೆ.

• ಕರಾಟೆ ಕಲಿತರೆ ಒಳ್ಳೆಯದೇ. ಆದರೆ ಎಲ್ಲರಿಗಿಂತ ಮೊದಲು ಕಲಿಯಬೇಕಾದ್ದು ಗಟ್ಟಿ ದನಿಯಲ್ಲಿ ಕೂಗೋದು, ಹಿಡಿದ ಕೈ ಬಿಡಿಸಿಕೊಳ್ಳೋದು, ಓಡೋದು. ಕಳ್ಳ ಚಿನ್ನ ಕೇಳಿದರೆ ಕೊಟ್ಟು ಕಳಿಸೋದೂ ಒಂದು ವಿದ್ಯೆಯೇ.

ಮಳೆ ಶುರುವಾಗುವ ಮೊದಲು ಊರಿಗೆ ಬರುವ ಮಕ್ಕಳು ಕೋವಿಗೆ ಎಣ್ಣೆ ಹಾಕಿದ್ದಾರಾ ಅಂತ ನೋಡಲಿ, ತಪ್ಪಿಲ್ಲ. ಅದೇ ದಿನ ಹಿಂಬಾಗಿಲ ಅಗಳಿ ಬದಲಿಸಲಿ, ಅಂಗಳಕ್ಕೆ ಒಂದು ಸೋಲಾರ್ ಲೈಟು ಹಾಕಲಿ, ಪಕ್ಕದ ಮನೆಯವರ ಜೊತೆ ಏನಾದರೂ ಮುನಿಸಿದ್ದರೆ ಹೋಗಿ ಮಾತಾಡಿ ಬರಲಿ. ರಾತ್ರಿ ಎರಡು ಗಂಟೆಗೆ ಬೆಂಗಳೂರಿಂದ ಯಾರೂ ಬಂದು ತಲುಪೋಕೆ ಆಗಲ್ಲ. ಬರೋದು ಪಕ್ಕದ ಮನೆಯವರೇ.